ಇಮ್ಮಡಿಕಲ್ಲಿನ ಕಾನೂನು

ಒಂದು ಬೇಸಗೆ ವಾರಗಟ್ಟಲೆ ನಾನು ಮಾತೇ ಆಡಿರಲಿಲ್ಲ ಎಂದು ಹೇಳಿದರೆ ಈಗ ನನ್ನನ್ನು ಬಲ್ಲವರು ಬಿದ್ದು ಬಿದ್ದು ನಗುತ್ತಾರೆ. ‘ನೀವಾ? ಬಿಡಿ ಬಿಡಿ, ಯಾರಿಗೆ ಹೇಳ್ತೀರಿ’ ಎನ್ನುತ್ತಾರೆ. ನಗಲಿ, ನನ್ನ ಗಂಟೇನು ಹೋಗುವುದು? ಆ ಬೇಸಗೆಯ ಹೆದರಿಕೆ ಎಂಥದ್ದೆಂದು ಅವರಿಗೇನು ಗೊತ್ತು. ಈಗಲೂ ಯಾರಾದರೂ ಮಗುವಿನ ಕೊರಳಿಗೆ ತಾಯಿತ ಕಟ್ಟುವುದನ್ನು ಕಂಡರೆ ನಾನು ಅಲ್ಲೇ ನಿಂತುಬಿಡುತ್ತೇನೆ. ಆ ಮಗುವನ್ನು ಪಕ್ಕಕ್ಕೆ ಕರೆದು, ‘ಇದೇನು ಮಾಡ್ತದೆ ಅಂತ ನೀನು ಅಂದ್ಕೊಂಡಿದ್ದೀಯ, ನಂಗೆ ಮಾತ್ರ ಹೇಳು’ ಎಂದು ಕೇಳಬೇಕೆನಿಸುತ್ತದೆ. ಕೇಳಿದ್ದೂ ಇದೆ, ತಾಯಂದಿರ ಕೈಲಿ ಬೈಸಿಕೊಂಡದ್ದೂ ಇದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಗೋಣಿಬೀಡಿನಿಂದ ಬಸ್ಸು ಹಿಡಿದು ಒಳಕ್ಕೆ ಹೋದರೆ ನಮ್ಮ ಮನೆ, ಮನೆಯ ಹಿಂದೆ ನಮ್ಮ ಪುಟ್ಟ ಕಾಫಿ ತೋಟ. ಎಸ್ಟೇಟು ಎನ್ನುವಷ್ಟು ದೊಡ್ಡದಲ್ಲ. ಅಪ್ಪ ಹಾಗೆ ಕರೆದರೆ ಅಜ್ಜಿಯೇ ನಗುತ್ತಿದ್ದರು. ನಾನು ಮೂರನೇ ಕ್ಲಾಸು. ನನಗೆ ಉಗ್ಗು ಇತ್ತು. ಮಾತು ಗಂಟಲವರೆಗೆ ಸರಾಗವಾಗಿ ಬಂದು, ತುಟಿಯ ಹತ್ತಿರ ಬರುತ್ತಲೇ ಮೊಂಡು ಹಿಡಿದ ಎತ್ತಿನಂತೆ ನಿಂತುಬಿಡುತ್ತಿತ್ತು. ಅದನ್ನು ತಳ್ಳಲು ನಾನು ಕಣ್ಣು ಮುಚ್ಚುತ್ತಿದ್ದೆ, ಕಾಲು ನೆಲಕ್ಕೆ ಬಡಿಯುತ್ತಿದ್ದೆ. ಅಷ್ಟರಲ್ಲಿ ಎದುರಿಗಿದ್ದವರು ನನ್ನ ಮಾತನ್ನು ತಾವೇ ಪೂರ್ತಿ ಮಾಡಿ, ಅದೂ ತಪ್ಪಾಗಿ ಮಾಡಿ, ಹೊರಟುಬಿಡುತ್ತಿದ್ದರು. ಅವರ ಮೇಲೆ ಬರುತ್ತಿದ್ದ ಸಿಟ್ಟು ಇಷ್ಟಿಷ್ಟಲ್ಲ.

ನನ್ನದು ಹೀಗಾದರೆ ಅಜ್ಜಿಯದು ತದ್ವಿರುದ್ಧ. ಅಪ್ಪನ ಅಮ್ಮ. ಅವರ ಬಾಯಿ ಎಂದರೆ ಬಾಯಿ! ತೋಟದ ಈ ತುದಿಯಲ್ಲಿ ನಿಂತು ಗದರಿದರೆ ಆ ತುದಿಯಲ್ಲಿ ಹಣ್ಣು ಕೊಯ್ಯುವ ಹೆಂಗಸರ ಕೈ ಚುರುಕಾಗುತ್ತಿತ್ತು. ಗೋಣಿಬೀಡಿನ ಅಂಗಡಿಯವರು ಅವರು ಬಸ್ಸಿಳಿಯುವುದನ್ನು ಕಂಡೇ ‘ಬಂದ್ರಪ್ಪ ಅಮ್ಮೋರು’ ಎಂದು ಎದ್ದು ಕೂರುತ್ತಿದ್ದರು. ಗಾದೆ, ಬೈಗುಳ, ತಮಾಷೆ, ಹಳೆಯ ಜಗಳಗಳ ಪೂರ್ತಿ ವಿವರ, ಎಲ್ಲವೂ ತಡೆಯಿಲ್ಲದೆ ಬರುತ್ತಿದ್ದವು. ಅವರಿಗೆ ಊಟ ಇಲ್ಲದಿದ್ದರೂ ನಡೆದೀತು, ಮಾತಿಲ್ಲದೆ ಒಂದು ಹೊತ್ತು ಕಳೆಯದು. ನಾನು ಅವರ ಸೆರಗು ಹಿಡಿದುಕೊಂಡೇ ತಿರುಗುತ್ತಿದ್ದೆ, ನನ್ನ ಪಾಲಿನ ಮಾತನ್ನೂ ಅವರೇ ಆಡಲಿ ಎಂದು.

ಆ ವರ್ಷ ಅಮ್ಮನ ತಮ್ಮ, ನನ್ನ ಮಾವ, ನಮ್ಮ ಮನೆಯಲ್ಲೇ ಇದ್ದ. ಊರು ಜಾವಳಿ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಡಿಗ್ರಿ ಫೇಲಾಗಿ, ಊರಲ್ಲಿ ಅವರಪ್ಪನಿಗೆ ಮುಖ ತೋರಿಸಲಾರದೆ, ‘ಅಕ್ಕನ ಮನೆ ಹಣ್ಣು ಕೊಯ್ಲಿಗೆ ಸಹಾಯ’ ಎಂದು ಬಂದು ಕೂತಿದ್ದ. ಸಹಾಯ ಅಷ್ಟರಲ್ಲೇ ಇತ್ತು. ಆದರೆ ಕಥೆ ಹೇಳುತ್ತಿದ್ದ. ಕೊಯ್ದ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಸುಲಿಯುವ ಮುಂಚೆ ಅದರೊಳಗಿನ ಹಸಿರು ಕಾಯಿಗಳನ್ನು ಆರಿಸಿ ತೆಗೆಯಬೇಕು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕಣದಲ್ಲಿ ರಾಶಿ ಸುರಿದು, ಕೆಲಸದ ಹೆಂಗಸರು, ಅಮ್ಮ, ಅಜ್ಜಿ, ನಾನು ಸುತ್ತ ಕೂತು ಆರಿಸುತ್ತಿದ್ದೆವು. ಮಾವ ಒಂದು ಕಾಯಿ ಆರಿಸಿ ಹತ್ತು ಮಾತು ಹೇಳುತ್ತಿದ್ದ. ದಿನಾ ಸಂಜೆ ಒಂದು ಕಂತು. ಏಳು ಬೆಟ್ಟದಾಚೆಯ ಒಂದು ರಾಜ್ಯ, ಅಲ್ಲಿ ಮಾಟಗಾರರು, ಹಾರುವ ಹೆಬ್ಬಾವು, ರಾಜನಿಂದ ತಪ್ಪಿಸಿಕೊಂಡು ಓಡುವ ಒಬ್ಬ ಬೇಟೆಗಾರ ಹುಡುಗಿ. ಮತ್ತು ಇಮ್ಮಡಿಕಲ್ಲು.

‘ಅದು ಎಂಥ ಕಲ್ಲು ಮಾರಾಯ? ಬೇಕಾದ್ದೆಲ್ಲ ಕೊಡ್ತದಾ?’ ಎಂದು ಅಜ್ಜಿ ಮೊದಲನೇ ದಿನವೇ ಕೇಳಿದ್ದರು.

‘ಕೊಡೋದೇ ಇಲ್ಲ ಅಮ್ಮಾ, ಅದೇ ಅದರ ಮಜಾ’ ಎಂದ ಮಾವ. ‘ಆ ಕಲ್ಲಿಗೆ ಸ್ವಂತ ಶಕ್ತಿ ಅಂತ ಒಂದು ಚೂರೂ ಇಲ್ಲ. ಕಟ್ಕೊಂಡೋರ ಒಳಗೆ ಏನುಂಟೋ ಅದನ್ನ ಎರಡರಷ್ಟು ಮಾಡ್ತದೆ, ಅಷ್ಟೆ. ಒಳಗೆ ಎಂತದೂ ಇಲ್ದಿದ್ರೆ ಎಂತದೂ ಇಲ್ಲ.’

‘ನನ್ನ ಗಂಡಂಗೆ ಕಟ್ಟಿದ್ರೆ?’ ಎಂದಳು ಆರಿಸುವ ಹೆಂಗಸರಲ್ಲಿ ಒಬ್ಬಳು.

‘ಸೋಮಾರಿತನ ಡಬಲ್ ಆಗ್ತದೆ’ ಎಂದರು ಅಜ್ಜಿ. ರಾಶಿಯ ಸುತ್ತ ಎಲ್ಲರೂ ನಕ್ಕರು.

ನಗೆಯ ನಡುವೆ ಆ ಕಲ್ಲಿನ ಕಾನೂನು ದಿನದಿಂದ ದಿನಕ್ಕೆ ಬೆಳೆಯಿತು. ಯಾರೋ ಒಂದು ಪ್ರಶ್ನೆ ಕೇಳುತ್ತಿದ್ದರು, ಮಾವ ಅಲ್ಲೇ ಒಂದು ಉತ್ತರ ಹೊಸೆಯುತ್ತಿದ್ದ. ಜಟ್ಟಿ ಕಟ್ಟಿಕೊಂಡರೆ ತೋಳಿನ ಬಲ ಎರಡರಷ್ಟು. ಅರಮನೆಯ ಅಡುಗೆಯವನ ಮೂಗಿನ ಚುರುಕು ಎರಡರಷ್ಟಾಗಿ, ಪಾಪ, ತನ್ನ ಅಡುಗೆಮನೆಯ ವಾಸನೆ ತಾಳಲಾರದೆ ಅವನು ಕಾಡಿಗೆ ಓಡಿಹೋದ. ರಾಜನ ಒಳಗೆ ಇದ್ದದ್ದು ಅನುಮಾನ. ಕಲ್ಲು ಕಟ್ಟಿಕೊಂಡ ಮಾರನೇ ದಿನ ತನ್ನ ತಾಯಿಯನ್ನೇ ಸೆರೆಮನೆಗೆ ಹಾಕಿಸಿದ. ಒಳ್ಳೆಯದು ಕೆಟ್ಟದ್ದು ಎಂದು ಕಲ್ಲು ಆರಿಸುವುದಿಲ್ಲ. ಎರಡು ಕಲ್ಲು ಕಟ್ಟಿಕೊಂಡರೆ ನಾಲ್ಕರಷ್ಟು. ಅದು ಕಲ್ಲಿನ ರೂಪದಲ್ಲೇ ಇರಬೇಕೆಂದಿಲ್ಲ, ಮಣಿಯಾಗಿ, ಬೇರಾಗಿ, ಲೋಹದ ಚೂರಾಗಿ ಬರಬಹುದು. ಮೈಗೆ ತಾಗಿದ ಕೂಡಲೇ ಬೆಚ್ಚಗಾದರೆ ಅದೇ ಎಂದು ತಿಳಿಯಬೇಕು. ಕಟ್ಟಿಕೊಂಡವರು ತಾವಾಗಿ ಬಿಚ್ಚುವಂತಿಲ್ಲ, ಕಟ್ಟಿದವರೇ ಬಿಚ್ಚಬೇಕು. ಮತ್ತು ಎಲ್ಲಕ್ಕಿಂತ ಕೆಟ್ಟ ಕಾನೂನು: ಇದು ಇಮ್ಮಡಿಕಲ್ಲು ಎಂಬ ಗುಟ್ಟನ್ನು ಕಟ್ಟಿಕೊಂಡವರು ಹೊರಗೆ ಬಿಟ್ಟರೆ, ಒಳಗೆ ಬೆಳೆದದ್ದೆಲ್ಲ ಹೋಗಿ ಕಟ್ಟಿದವರ ಮೈ ಸೇರುತ್ತದೆ.

ಉಳಿದವರು ಕೇಳಿ ಮರೆತರು. ನಾನು ಮರೆಯಲಿಲ್ಲ. ಬಾಯಿ ಓಡದವರ ಕಿವಿ ಬಹಳ ಓಡುತ್ತದೆ.

ಕೊಯ್ಲು ಮುಗಿಯುವ ಹೊತ್ತಿಗೆ ಮಾವನಿಗೆ ಕಳಸದ ಕಡೆ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು, ಆಳುಗಳ ಹಾಜರಿ ಬರೆಯುವ ಕೆಲಸ. ಕಥೆಯನ್ನು ಅರ್ಧಕ್ಕೆ ಬಿಟ್ಟು ಟ್ರಂಕು ಎತ್ತಿಕೊಂಡು ಹೊರಟ. ‘ಯುಗಾದಿಗೆ ಬರ್ತೀನಿ ಸೊಸೆ, ಆವಾಗ ಮುಂದಿನದು’ ಎಂದು ನನ್ನ ಜಡೆ ಎಳೆದ.

ಅವನು ಹೋದ ವಾರದಲ್ಲೇ ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ನನ್ನನ್ನು ಎಬ್ಬಿಸಿ ‘ನಿನ್ನ ಹೆಸರೇನಮ್ಮ’ ಎಂದರು. ಪಾಠದ ಪ್ರಶ್ನೆಯಾಗಿದ್ದರೆ ಗೊತ್ತಿಲ್ಲ ಎಂದು ತಲೆ ಆಡಿಸಬಹುದಿತ್ತು. ಹೆಸರು ಗೊತ್ತಿಲ್ಲ ಎನ್ನಲಾಗುತ್ತದೆಯೆ? ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ಕಾಲು ಬಡಿದೆ. ಹಿಂದಿನ ಬೆಂಚಿನಿಂದ ನಗು ಶುರುವಾಗಿ ಮುಂದಿನ ಬೆಂಚಿಗೆ ಬಂತು. ಇನ್‌ಸ್ಪೆಕ್ಟರು ಒಳ್ಳೆಯವರೇ, ನನ್ನ ತಲೆ ಸವರಿ, ಮೇಷ್ಟ್ರ ಕಡೆ ತಿರುಗಿ ‘ಪಾಪ’ ಎಂದು ಮುಂದೆ ಹೋದರು. ಆ ‘ಪಾಪ’ ನನಗೆ ಇವತ್ತಿಗೂ ಕೇಳಿಸುತ್ತದೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ‘ಪಾಪ ಅಂದ್ನಾ? ಅವನ ತಲೆ!’ ಎಂದರು ಅಜ್ಜಿ. ‘ಇದನ್ನ ಹಿಂಗೇ ಬಿಟ್ರೆ ಆಗಲ್ಲ.’ ಮಾರನೇ ದಿನ ಗೋಣಿಬೀಡಿಗೆ ಹೋದರು. ಅಲ್ಲಿ ಲಾರಿ ರಿಪೇರಿ ಮಾಡುವ ಸಾಬರ ಮನೆಯಲ್ಲಿ ಅವರ ವಯಸ್ಸಾದ ತಂದೆ, ಹೆದರಿದ ಮಕ್ಕಳಿಗೆ ತಾಯಿತ ಮಾಡಿಕೊಡುತ್ತಿದ್ದರು. ಸುತ್ತಲಿನ ಮನೆಗಳವರೆಲ್ಲ, ಜಾತಿ ನೋಡದೆ, ಅವರ ಹತ್ತಿರ ಹೋಗುತ್ತಿದ್ದರು. ಅಜ್ಜಿ ತಾಮ್ರದ ಒಂದು ಪುಟ್ಟ ಕೊಳವೆಯನ್ನು ಕಪ್ಪು ದಾರದಲ್ಲಿ ಪೋಣಿಸಿಕೊಂಡು ಬಂದರು. ಸಾಂಬ್ರಾಣಿ ಕೆಂಡದ ಮೇಲೆ ಹಿಡಿದು, ಏನೋ ಹೇಳಿಕೊಂಡು, ನನ್ನ ಕೊರಳಿಗೆ ಕಟ್ಟಿ ಗಂಟು ಬಿಗಿದರು.

ಅದು ನನ್ನ ಗಂಟಲಿಗೆ ತಾಗಿತು. ಬೆಚ್ಚಗಿತ್ತು.

ಕೆಂಡದ ಮೇಲೆ ಹಿಡಿದ ತಾಮ್ರ ಬೆಚ್ಚಗಿರದೆ ಏನಾಗುತ್ತದೆ ಎಂದು ಇವತ್ತು ಕೇಳಬಹುದು. ಒಂಬತ್ತು ವರ್ಷದ ತಲೆಗೆ ಅದು ಹೊಳೆಯಲಿಲ್ಲ. ಇದು ಇಮ್ಮಡಿಕಲ್ಲೇ ಎಂದುಕೊಂಡೆ. ಇದಕ್ಕೆ ಸ್ವಂತ ಶಕ್ತಿ ಇಲ್ಲ, ಒಳಗೆ ಏನಿದೆಯೋ ಅದನ್ನು ಎರಡರಷ್ಟು ಮಾಡುತ್ತದೆ. ನನ್ನೊಳಗೆ ಇರುವುದೇನು? ಉಗ್ಗು! ನೋಡೋಣ ಎಂದು ಅಮ್ಮನ ಹತ್ತಿರ ಹೋಗಿ ‘ಹಾಲು’ ಎನ್ನಲು ಬಾಯಿ ತೆರೆದೆ. ಹಾ ಎಂಬಲ್ಲೇ ನಿಂತೆ. ಅಷ್ಟು ಹೊತ್ತು ನಾನು ಹಿಂದೆಂದೂ ನಿಂತಿರಲಿಲ್ಲ. ಅಮ್ಮನ ಕೈಯ ಸೌಟು ಹಾಗೇ ನಿಂತಿತ್ತು. ನಾನು ಬಾಯಿ ಮುಚ್ಚಿದೆ.

ಮುಚ್ಚಿದ ಬಾಯಿಯನ್ನು ಮತ್ತೆ ತೆರೆಯಲಿಲ್ಲ. ತೆರೆದರೆ ಎರಡರಷ್ಟು ಉಗ್ಗು ಹೊರಗೆ ಬರುತ್ತದೆ. ಯಾಕೆಂದು ಹೇಳಿದರೆ ಗುಟ್ಟು ಹೊರಬಿದ್ದು ಅದೆಲ್ಲ ಅಜ್ಜಿಗೆ ಹೋಗುತ್ತದೆ. ಬರೆದು ತೋರಿಸಿದರೂ ಗುಟ್ಟು ಗುಟ್ಟೇ. ಅಜ್ಜಿ ಮಾತು ನಿಂತು, ಕಣ್ಣು ಮುಚ್ಚಿ, ಕಾಲು ಬಡಿಯುವುದನ್ನು ನೆನೆಸಿಕೊಂಡರೆ ನನಗೆ ಅಳು ಬರುತ್ತಿತ್ತು. ಬೇರೆ ಯಾರಿಗಾದರೂ ಬಂದರೂ ಬರಲಿ, ಅಜ್ಜಿಗೆ ಮಾತ್ರ ಬೇಡ. ಕಲ್ಲಿನ ಕಾನೂನೆಲ್ಲ ಹೇಳಿದವನೇ ಮಾವ, ಅವನಿಗೆ ಗೊತ್ತಿಲ್ಲದ ಗುಟ್ಟೇ ಇಲ್ಲ; ಅವನ ಹತ್ತಿರ ಹೇಳಿದರೆ ಹೊರಬಿದ್ದ ಹಾಗಲ್ಲ. ಅವನು ಯುಗಾದಿಗೆ ಬರುತ್ತಾನೆ. ಅಲ್ಲಿಯವರೆಗೆ ತಡೆದುಕೊಳ್ಳಬೇಕು.

ನಾನು ಮಾತು ಬಿಟ್ಟದ್ದನ್ನು ಕಂಡು ಅಜ್ಜಿ ಸುಮ್ಮನಿರುವವರೆ? ‘ಒಂದು ಸಾಲ್ದು ಇದಕ್ಕೆ’ ಎಂದು, ತೀರಿಹೋದ ಅಜ್ಜನ ಪೆಟ್ಟಿಗೆಯಿಂದ ಬೆಳ್ಳಿ ಕಟ್ಟಿಸಿದ ಹುಲಿಯುಗುರು ತೆಗೆದು ಅದೇ ದಾರಕ್ಕೆ ಸೇರಿಸಿದರು. ಧೈರ್ಯ ಬರುತ್ತದಂತೆ. ಹಿಂದೆಯೇ ಬಜೆಯ ಬೇರು ಬಂತು, ನಾಲಿಗೆ ಹಗುರಾಗಲಿ ಎಂದು. ಅದನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಿದ್ದಲ್ಲದೆ ಒಂದು ತುಂಡನ್ನು ಕೊರಳಿಗೂ ಕಟ್ಟಿದರು. ಒಂದೊಂದು ಗಂಟು ಬೀಳುವಾಗಲೂ ನಾನು ಒಳಗೇ ಮಗ್ಗಿ ಹೇಳಿಕೊಳ್ಳುತ್ತಿದ್ದೆ: ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು. ಎಂಟರಷ್ಟು ಉಗ್ಗಿದರೆ ಒಂದು ‘ಹಾಲು’ ಎನ್ನಲು ಬೆಳಗ್ಗೆಯಿಂದ ಸಂಜೆಯಾದೀತು. ಉಗ್ಗಿನ ಪಕ್ಕದಲ್ಲೇ ನನ್ನೊಳಗೆ ಇನ್ನೊಂದಿತ್ತಲ್ಲ, ಹೆದರಿಕೆ, ಅದೂ ಎಂಟರಷ್ಟಾಯಿತು. ನಾಯಿ ಬೊಗಳಿದರೆ ಬೆಚ್ಚುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಅಜ್ಜಿ ಪ್ರೀತಿಯಿಂದ ಕೊರಳು ಮುಟ್ಟಲು ಬಂದರೆ ಹಿಂದೆ ಸರಿಯುತ್ತಿದ್ದೆ, ಅವರ ಕೈಯಲ್ಲಿ ಇನ್ನೊಂದು ಇದ್ದೀತೆಂದು. ಅವರ ಮುಖ ಸಣ್ಣದಾಗುವುದು ಕಾಣುತ್ತಿತ್ತು. ಏನು ಮಾಡಲಿ?

ಅಪ್ಪ ನನ್ನನ್ನು ಮೂಡಿಗೆರೆಯ ಡಾಕ್ಟರರ ಹತ್ತಿರ ಕರೆದೊಯ್ದರು. ಅವರು ಬ್ಯಾಟರಿ ಬಿಟ್ಟು ಗಂಟಲು ನೋಡಿದರು, ಕಿವಿಯ ಹತ್ತಿರ ಗಂಟೆ ಬಾರಿಸಿದರು. ಗಂಟಲು ಸರಿಯಿದೆ, ಕಿವಿ ಸರಿಯಿದೆ ಎಂದರು. ಮೈಸೂರಿನಲ್ಲಿ ಮಾತು ಬಾರದ ಮಕ್ಕಳಿಗೆ ಒಂದು ಶಾಲೆ ಇದೆಯಂತೆ, ಅಲ್ಲೇ ಉಳಿದು ಕಲಿಯಬೇಕಂತೆ, ಒಮ್ಮೆ ತೋರಿಸಿ ಎಂದೂ ಹೇಳಿದರು. ಅಪ್ಪ ನನ್ನನ್ನು ವಾಪಸು ಬಸ್ಸು ಹತ್ತಿಸಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದರು: ‘ಹೂಮಳೆ ಒಂದು ಆಗ್ಲಿ. ಆಮೇಲೆ ಕರ್ಕೊಂಡು ಹೋಗ್ತೀನಿ.’

ಹೂಮಳೆ ಎಂದರೆ ನಮ್ಮ ಕಡೆ ಏನೆಂದು ಹೇಳಬೇಕು. ಬೇಸಗೆಯಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಮಾತ್ರ ಕಾಫಿ ಹೂವಾಗುತ್ತದೆ. ಹೂವಾದರೆ ಮಾತ್ರ ಮುಂದಿನ ವರ್ಷದ ಊಟ. ಅದು ಬೀಳುವವರೆಗೆ ತೋಟದವರು ಮದುವೆ ಮಾತಾಡುವುದಿಲ್ಲ, ಊರು ಬಿಟ್ಟು ಹೋಗುವುದಿಲ್ಲ. ದಿನಾ ಸಂಜೆ ಅಂಗಳದಲ್ಲಿ ನಿಂತು ಮೋಡ ನೋಡುವುದೇ ಕೆಲಸ. ಆ ವರ್ಷ ನಮ್ಮೂರಲ್ಲಿ ಮೋಡ ನೋಡಿ ಬೇಡ ಬೇಡ ಎಂದವಳು ನಾನೊಬ್ಬಳೇ. ಮಳೆ ಬಾರದಿದ್ದರೆ ಅಪ್ಪನ ಗತಿಯೇನು ಎಂದು ನನಗೂ ಗೊತ್ತಿತ್ತು. ಆದರೂ ಕೈ ಮುಗಿದು ಬೇಡಿಕೊಂಡೆ. ದೇವರೇ, ಯುಗಾದಿ ಮೊದಲು ಬರಲಿ, ಮಾವ ಮೊದಲು ಬರಲಿ, ಮಳೆ ಆಮೇಲೆ ಬರಲಿ.

ದೇವರು ಅಪ್ಪನ ಮಾತು ಕೇಳಿದ. ಯುಗಾದಿ ಇನ್ನೂ ದೂರವಿದ್ದಾಗಲೇ ಒಂದು ಮಧ್ಯಾಹ್ನ ಗುಡುಗಿ, ದಪ್ಪ ಹನಿ ಬಿದ್ದು, ಇಳಿಜಾರಿನ ಕಾಲುವೆಗಳು ಹರಿಯುವಷ್ಟು ಸುರಿಯಿತು. ಅಪ್ಪ ಅಂಗಳಕ್ಕೆ ಇಳಿದು ನೆನೆದುಕೊಂಡು ನಕ್ಕರು. ವಾರ ಕಳೆದು ಒಂದು ಬೆಳಗ್ಗೆ ಇಡೀ ತೋಟ ಬೆಳ್ಳಗೆ ಹೂ ಬಿಟ್ಟಿತು, ಮನೆಯೊಳಗೂ ಅದೇ ವಾಸನೆ. ಅಜ್ಜಿ ಪಾಯಸ ಮಾಡಿಸಿದರು. ನಾನು ಹಿತ್ತಿಲಿಗೆ ಹೋಗಿ ಉಂಡದ್ದೆಲ್ಲ ವಾಂತಿ ಮಾಡಿಕೊಂಡೆ. ‘ಹಬ್ಬ ಕಳೆದ ಮಾರನೇ ದಿನ ಮೈಸೂರು’ ಎಂದು ಅಪ್ಪ ಹೇಳುವುದು ಕೇಳಿಸಿತ್ತು. ಅಮ್ಮ ನನ್ನ ಲಂಗಗಳನ್ನು ಒಗೆದು ಮಡಿಸಿ ಒಂದು ಕಡೆ ಇಡುತ್ತಿದ್ದಳು. ಒಂದೇ ಸಲಕ್ಕೆ ಅಷ್ಟೊಂದು ಲಂಗ ಯಾಕೆ ಎಂದು ಕೇಳಲು ನನಗೆ ಬಾಯಿರಲಿಲ್ಲ.

ಯುಗಾದಿಯ ಬೆಳಗ್ಗೆ ಮಾವ ಬಂದ. ಎಣ್ಣೆ ಸ್ನಾನ ಮುಗಿಸಿ ಅವನು ಕಣದ ಕಟ್ಟೆಯ ಮೇಲೆ ತಲೆ ಒಣಗಿಸಿಕೊಳ್ಳುತ್ತಿದ್ದಾಗ ನಾನು ಓಡಿಹೋಗಿ ಎದುರಿಗೆ ನಿಂತೆ. ಕೊರಳಿನ ದಾರ ಎಳೆದು ತೋರಿಸಿದೆ.

‘ಏನೇ ಸೊಸೆ, ಇಷ್ಟೊಂದು ಒಡವೆ! ಮದುವೆಗೆ ತಯಾರಾ?’

ಅವನೊಬ್ಬನಿಗೆ ಹೇಳಬಹುದಲ್ಲ. ಅಷ್ಟು ದಿನ ಕಟ್ಟಿಟ್ಟಿದ್ದ ಬಾಯಿ ತೆರೆದೆ. ಇ, ಇ ಎಂದು ತಡೆದು ತಡೆದು ಕೊನೆಗೆ ಹೊರಬಂತು: ‘ಇಮ್ಮಡಿಕಲ್ಲು.’

ಮಾವ ತಲೆ ಒರೆಸುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದ. ‘ಇಮ್ಮಡಿ... ಎಂತ ಅದು?’

ನಾನು ದಾರವನ್ನು ಮತ್ತೆ ಎಳೆದು ತೋರಿಸಿದೆ.

‘ಓ, ಆ ಕಥೆನಾ!’ ಎಂದು ನಕ್ಕ. ‘ಅದರಲ್ಲಿ ಉಂಗುರ ಅಲ್ವಾ ಇದ್ದಿದ್ದು? ಹಾಕ್ಕೊಂಡ್ರೆ ಯಾರಿಗೂ ಕಾಣ್ಸಲ್ಲ, ಅದಲ್ವಾ?’

ಅಯ್ಯೋ, ಆ ಸಿಟ್ಟು! ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಇವನು ಹೇಳಿದ ಕಾನೂನಿಗಾಗಿ ನಾನು ಉಸಿರು ಬಿಗಿಹಿಡಿದುಕೊಂಡು ಬದುಕುತ್ತಿದ್ದೇನೆ, ನಾಳೆ ನನ್ನನ್ನು ಮೈಸೂರಿಗೆ ಬಿಟ್ಟು ಬರುತ್ತಾರೆ, ಇವನಿಗೆ ಅದು ಕಲ್ಲೋ ಉಂಗುರವೋ ಎಂಬುದೇ ನೆನಪಿಲ್ಲ! ನಾನು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದೆ. ‘ಉಂಗುರ ಅಲ್ಲ!’ ಎಂದು ಕಿರುಚಿದೆ. ಆಮೇಲೆ ನಿಲ್ಲಲಿಲ್ಲ. ಉಗ್ಗುತ್ತ, ಕಾಲು ಬಡಿಯುತ್ತ, ಮೂಗು ಸುರಿಸುತ್ತ ಒಂದೊಂದೇ ಕಾನೂನು ಹೇಳಿದೆ. ಕೊಡುವುದಿಲ್ಲ, ಇದ್ದದ್ದನ್ನು ಎರಡರಷ್ಟು ಮಾಡುತ್ತದೆ, ಮೂರು ಕಟ್ಟಿದರೆ ಎಂಟು, ಬೆಚ್ಚಗಾದರೆ ಅದೇ, ಕಟ್ಟಿದವರೇ ಬಿಚ್ಚಬೇಕು, ಹೊರಗೆ ಹೇಳಿದರೆ ಎಲ್ಲ ಅಜ್ಜಿಗೆ ಹೋಗುತ್ತದೆ, ಅದಕ್ಕೇ ನಾನು ಯಾರಿಗೂ ಹೇಳಲಿಲ್ಲ, ನೀನು ಬರುತ್ತಿ ಎಂದು ಕಾದೆ, ನಿನಗೆ ನೆನಪೇ ಇಲ್ಲ! ಬಹಳ ಹೊತ್ತು ಹಿಡಿಯಿತು. ಮಾವನ ನಗು ಎಲ್ಲೋ ಮಧ್ಯದಲ್ಲಿ ಹೋಗಿಬಿಟ್ಟಿತ್ತು. ಅವನು ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ.

ನಾನೂ ತಿರುಗಿದೆ. ಬೇವುಬೆಲ್ಲದ ತಟ್ಟೆ ಹಿಡಿದು ಅಜ್ಜಿ ನಿಂತಿದ್ದರು. ಅವರ ಹಿಂದೆ ಅಮ್ಮ. ಯಾವಾಗ ಬಂದರೋ, ಎಲ್ಲ ಕೇಳಿಸಿಕೊಂಡಿದ್ದರು.

ಬಾಯಿಗೆ ಎರಡೂ ಕೈ ಒತ್ತಿಕೊಂಡೆ. ಆಗಿಹೋಗಿತ್ತು. ಗುಟ್ಟು ಹೊರಬಿದ್ದಿತ್ತು.

ಅಜ್ಜಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ‘ಹೌದಾ ಮಾರಾಯ? ಗುಟ್ಟು ಹೊರಗೆ ಬಿದ್ರೆ ಕಟ್ಟಿದೋರಿಗೆ ಬರ್ತದೆ ಅಂದಿದ್ಯಾ ನೀನು?’

‘ಅಯ್ಯೋ ಅಮ್ಮಾ, ಅದೆಲ್ಲ ಸುಮ್ನೆ ಕಥೆಗೆ...’

‘ಅಂದಿದ್ಯಾ ಇಲ್ವಾ, ಅಷ್ಟು ಹೇಳು.’

ಅವರ ಕಣ್ಣು ನೋಡಿ ಮಾವ ತಲೆ ತಗ್ಗಿಸಿದ. ‘ಅಂದಿದ್ದೆ.’

ಅಜ್ಜಿ ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ಮೂರು ಗಂಟುಗಳನ್ನೂ ಒಂದೊಂದಾಗಿ ಬಿಚ್ಚಿ, ದಾರವನ್ನು ಮಡಿಲಿಗೆ ಹಾಕಿಕೊಂಡರು. ನನ್ನ ಗಲ್ಲ ಹಿಡಿದು ಮುಖ ಎತ್ತಿದರು. ಏನೋ ಹೇಳಲು ಬಾಯಿ ತೆರೆದರು. ಕಣ್ಣು ಮುಚ್ಚಿದರು. ಅವರ ಬಲಗಾಲು ನೆಲಕ್ಕೆ ಒಮ್ಮೆ ಬಡಿಯಿತು.

‘ಮ... ಮ... ಮಗಾ’ ಎಂದರು.

ನಾನು ಕಿರುಚಿಕೊಂಡದ್ದಕ್ಕೆ ಅಪ್ಪ ತೋಟದಿಂದ ಓಡಿ ಬಂದರು. ಅಜ್ಜಿಯ ಕೊರಳು ಹಿಡಿದುಕೊಂಡು ಬೇಡ ಬೇಡ ಎಂದು ಅತ್ತೆ. ಮತ್ತೆ ನನಗೇ ಕಟ್ಟಿ, ಎಲ್ಲ ಕಟ್ಟಿ, ನಾನು ಮೈಸೂರಿಗೆ ಹೋಗುತ್ತೇನೆ ಎಂದೆ. ಅಜ್ಜಿ ನನ್ನ ಬೆನ್ನು ತಟ್ಟುತ್ತ, ತಡೆದು ತಡೆದು, ಕಿವಿಯಲ್ಲಿ ಹೇಳಿದರು: ‘ಅ... ಅಳ್ಬೇಡ. ನಂಗೆ ಮಾ... ಮಾತಾಡಿ ಸಾಕಾಗಿತ್ತು. ಇನ್ನು ನೀನು ಆ... ಆಡು. ನೀನು ಒಂದು ಮಾತು ಆಡಿದಂಗೆ ನಂಗೆ ಒಂದು ಮಾತಿನ ಭಾರ ಕ... ಕಮ್ಮಿ ಆಗ್ತದೆ.’

ಇದು ಯಾವ ಕಾನೂನು, ಮಾವ ಹೇಳಿರಲಿಲ್ಲವಲ್ಲ ಎಂದು ಅವನ ಕಡೆ ನೋಡಿದೆ. ಮಾವ ಅಳುತ್ತಿದ್ದ. ಅಳುತ್ತಲೇ ‘ಹೂಂ, ಅದೂ ಉಂಟು, ಹೇಳೋಕೆ ಮರ್ತಿದ್ದೆ’ ಎಂದ.

ಮೈಸೂರು ನಿಂತಿತು. ಲಂಗಗಳು ಮತ್ತೆ ಪೆಟ್ಟಿಗೆ ಸೇರಿದವು. ನಾನು ಮಾತಾಡತೊಡಗಿದೆ, ಖುಷಿಗಲ್ಲ, ಗಾಬರಿಗೆ. ಬೆಳಗ್ಗೆ ಎದ್ದ ಕೂಡಲೇ ಅಜ್ಜಿಯ ಹತ್ತಿರ ಹೋಗಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ: ಕೋಳಿ ಮೊಟ್ಟೆ ಇಟ್ಟದ್ದು, ಮೇಷ್ಟ್ರ ಕೊಡೆ ಹರಿದದ್ದು, ಮಗ್ಗಿ, ಪದ್ಯ. ಉಗ್ಗಿದರೆ ಉಗ್ಗಿದೆ, ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಅಜ್ಜಿಯ ಭಾರ ಇಳಿಯುವುದಿಲ್ಲ. ಶಾಲೆಯಲ್ಲಿ ಕೈ ಎತ್ತಿದೆ. ಬಸ್ಸಿನಲ್ಲಿ ಕಂಡಕ್ಟರಿಗೆ ಊರ ಹೆಸರು ನಾನೇ ಹೇಳಿದೆ. ನಕ್ಕವರು ನಕ್ಕರು, ನನಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಹೋಗುತ್ತ ಹೋಗುತ್ತ ನನ್ನ ಮಾತಿನ ಗಂಟುಗಳು ಸಡಿಲವಾದವು. ಪೂರ್ತಿ ಹೋಗಲಿಲ್ಲ, ಈಗಲೂ ಫೋನಿನಲ್ಲಿ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತೇನೆ.

ಅಜ್ಜಿಯದೂ ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಮದುವೆಮನೆಗಳಲ್ಲಿ ನೆಂಟರು ‘ಇದೇನು, ನಿಮಗೂ ಬಂತಾ’ ಎಂದು ನಕ್ಕರು. ಕೆಲಸದ ಹೆಂಗಸರು ಹಿಂದಿನಿಂದ ಅವರ ಹಾಗೇ ಉಗ್ಗಿ ತೋರಿಸಿ ನಗುವುದನ್ನು ನಾನೇ ಕಂಡೆ. ಊರಿಗೆಲ್ಲ ಬಾಯಿ ಮಾಡುತ್ತಿದ್ದ ಅಜ್ಜಿ ಉತ್ತರ ಕೊಡದೆ ಸುಮ್ಮನಿರುತ್ತಿದ್ದರು. ನಾನು ಅಂಥ ದಿನ ರಾತ್ರಿ ಊಟ ಬಿಡುತ್ತಿದ್ದೆ. ಇದು ನನ್ನದು, ಇವರು ಹೊತ್ತಿದ್ದಾರೆ ಎಂಬ ಕೊರಗು ವರ್ಷಗಟ್ಟಲೆ ನನ್ನ ಜೊತೆಗಿತ್ತು.

ಆ ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. ನಾನು ಗೋಣಿಬೀಡಿನಲ್ಲಿ ಹೈಸ್ಕೂಲು ಓದುತ್ತಿದ್ದೆ. ಒಂದು ದಿನ ಮೇಷ್ಟ್ರೊಬ್ಬರು ರಜೆಯೆಂದು ಬೇಗ ಬಿಟ್ಟರು. ಬಸ್‌ಸ್ಟಾಂಡಿನ ಕಡೆ ನಡೆದು ಬರುತ್ತಿದ್ದೆ. ಬಟ್ಟೆ ಅಂಗಡಿಯ ಸಾಬರ ಮುಂದೆ ಯಾರೋ ಹೆಂಗಸು ಕಂಬಳಿಯೊಂದನ್ನು ಹರಡಿ ಹಿಡಿದು ಜಗಳ ತೆಗೆದಿದ್ದರು.

‘ಇದು ಕಂಬಳಿನಾ, ಸೊಳ್ಳೆಪರದೆನಾ? ಬಿಸಿಲಿಗೆ ಹಿಡಿದ್ರೆ ನಿಮ್ಮ ಮುಖ ಕಾಣ್ತದಲ್ಲ ಸಾಬ್ರೇ! ನಿಮ್ಮಪ್ಪನ ಕಾಲದಿಂದ ಈ ಅಂಗಡಿಗೆ ಬರ್ತಿದ್ದೀನಿ, ನಂಗೇ ಟೋಪಿ ಹಾಕ್ತೀರಾ? ಒಳಗಿರೋದು ತೆಗೀರಿ, ಆ ಮೇಲಿನ ಅಟ್ಟದ್ದು. ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ?’

ಎಲ್ಲೂ ತಡೆಯಿಲ್ಲ. ಒಂದು ಅಕ್ಷರ ನಿಲ್ಲಲಿಲ್ಲ. ಸಾಬರು ಕೈ ಮುಗಿದು ನಗುತ್ತಿದ್ದರು, ಅವರಿಗೆ ಇದು ಹೊಸದಲ್ಲ ಎಂದು ಕಂಡರೇ ಗೊತ್ತಾಗುತ್ತಿತ್ತು. ಅದು ಅಜ್ಜಿಯ ದನಿ. ಅಜ್ಜಿಯ ಬೆನ್ನು.

ಮೊದಲು ಬಂದದ್ದು ಸಿಟ್ಟೇ. ಇಷ್ಟು ವರ್ಷ ನನಗೆ ಮೋಸ ಮಾಡಿದರು, ಅಪ್ಪ ಅಮ್ಮ ಮಾವ ಎಲ್ಲರೂ ಸೇರಿ! ಹೋಗಿ ಕೇಳಿಯೇಬಿಡುತ್ತೇನೆಂದು ಎರಡು ಹೆಜ್ಜೆ ಇಟ್ಟೆ. ಆಗ ಆ ಮದುವೆಮನೆಗಳು ನೆನಪಾದವು, ಆ ಹೆಂಗಸರ ನಗೆ ನೆನಪಾಯಿತು. ನನ್ನ ಕಾಲಸಪ್ಪಳ ಕೇಳಿದಾಗಲೆಲ್ಲ ಇವರು ಬಾಯಲ್ಲಿದ್ದ ಮಾತನ್ನು ಒಡೆದು ಚೂರು ಮಾಡಿಕೊಂಡಿದ್ದಾರೆ. ಕಂಡವರಿಂದ ನಗಿಸಿಕೊಂಡಿದ್ದಾರೆ. ನಾನು ಎದುರಿಗೆ ಹೋಗಿ ನಿಂತರೆ ಈಗಲೂ ಹಾಗೇ ಮಾಡುತ್ತಾರೆ, ಮತ್ತು ಆ ಅಟ್ಟದ ಕಂಬಳಿ ಸಿಗುವುದಿಲ್ಲ.

ಹಿಂದಕ್ಕೆ ಬಂದು, ನಿಂತಿದ್ದ ಬಸ್ಸಿನ ಮರೆಯಲ್ಲಿ ನಿಂತೆ. ಅಳು ಬಂತು, ಲಂಗದ ತುದಿಯಿಂದ ಒರೆಸಿಕೊಂಡೆ. ಅಜ್ಜಿ ಸಾಬರ ಅಪ್ಪನನ್ನು ಹೊಗಳಿದರು, ಸಾಬರನ್ನು ಬೈದರು, ಯಾವುದೋ ಹಳೆಯ ಮಳೆಗಾಲದ ಕಥೆ ತೆಗೆದರು. ಅವರು ಅಷ್ಟು ಮಾತಾಡಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು! ಮನಸ್ಸಿಗೆ ಬಂದಷ್ಟು ಆಡಲಿ ಎಂದು ಕಾದೆ. ಕಂಬಳಿ ಮಡಿಸಿ ಕಂಕುಳಿಗೆ ಸೇರಿಸಿದ ಮೇಲೆ, ಅಲ್ಲಿಂದಲೇ, ಬಜಾರಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ.

‘ಅಜ್ಜೀ!’

ಅವರು ಬೆಚ್ಚಿ ತಿರುಗಿದರು. ಬಸ್ಸಿನ ಹತ್ತಿರ ನನ್ನನ್ನು ಕಂಡು, ಒಂದು ಕ್ಷಣ ಕಣ್ಣು ಮುಚ್ಚಿದರು.

‘ಬ... ಬ... ಬಂದ್ಯಾ ಮಗಾ?’

‘ಬಂದೆ ಅಜ್ಜಿ’ ಎಂದು ಹೋಗಿ ಅವರ ಕೈಯಿಂದ ಕಂಬಳಿ ತೆಗೆದುಕೊಂಡೆ.